ಹಂದಿಗಳಿಗೆ ಮಾವಿನ ಸಿಪ್ಪೆಯ ಔತಣ

ಆ ವರ್ಷದ ಮಾವಿನ ಹಂಗಾಮಿನಲ್ಲಿ ನಾನು ಮನೆಯ ಸೋಫಾದಿಂದಲೇ ಒಂದು ಘೋಷಣೆ ಹೊರಡಿಸಿದೆ: ಇನ್ನು ಮುಂದೆ ದಯಾನಂದನ ಹಂದಿಗಳು ಹಸಿದಿರುವುದಿಲ್ಲ, ಅದಕ್ಕೆ ನಾನು ಹೊಣೆ!

ದಯಾನಂದ ನನ್ನ ಹೆಂಡತಿ ವಿನೋದಾಳ ತಮ್ಮ. ಹೋಟೆಲಿನ ಕೆಲಸ ಬಿಟ್ಟು ಕಲ್ಯಾಣದ ಹತ್ತಿರ ಶಹಾಡ್‌ನಿಂದ ಆಚೆ ಹಂದಿ ಸಾಕಿಕೊಂಡಿದ್ದ. ಕಲ್ಯಾಣದ ಹೋಟೆಲುಗಳಲ್ಲಿ ಉಳಿದ ಅನ್ನ, ಸಾಂಬಾರೇ ಅವುಗಳ ಊಟ. ಈಗ ಅದನ್ನೆಲ್ಲ ಕಸದ ಗಾಡಿಯವರು ಒಯ್ಯತೊಡಗಿದ್ದರು. ಅಂಗಡಿಯ ಮೇವು ಹಾಕಿ ಪೂರೈಸುವುದಿಲ್ಲ, ಗಬ್ಬದ ಹಂದಿಯನ್ನೂ ಸೇರಿಸಿ ಎಲ್ಲ ಮಾರಿಬಿಡುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದಾಗ ವಿನೋದಾ ಅತ್ತೇಬಿಟ್ಟಳು. ಅವನು ಸ್ವಂತಕ್ಕೆಂದು ಕಟ್ಟಿಕೊಂಡದ್ದು ಅದೊಂದೇ.

ನಾನು ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಣ್ಣಿನ ರಸ ತೆಗೆಯುವ ಕಾರ್ಖಾನೆಯ ಗುಮಾಸ್ತ. ಮಾವಿನ ಸಿಪ್ಪೆ, ಅನಾನಸಿನ ಸಿಪ್ಪೆ ಅಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಅದಕ್ಕೆ ಸೊಪ್ಪು ಕೊಚ್ಚಿ ಬೆರೆಸಿ, ಒತ್ತಿ ಮುಚ್ಚಿ ಹುಳಿ ಬರಿಸಿದರೆ ಹಂದಿಗೆ ಒಳ್ಳೆಯ ಮೇವಾಗುತ್ತದೆಂದು ಎಲ್ಲೋ ಓದಿದ್ದೆ. ಓದಿದ್ದು ಅರ್ಧ, ಧೈರ್ಯ ಮಾತ್ರ ಪೂರ್ತಿ.

ಕೋಪರಖೈರಣೆಯ ನಮ್ಮ ಮನೆಯ ಗ್ಯಾಲರಿಗೆ ಒಂದು ನೀಲಿ ಡ್ರಮ್ಮೂ ಕಾರ್ಖಾನೆಯ ಸಿಪ್ಪೆಯ ಮೂಟೆಗಳೂ ಬಂದವು. ನಮ್ಮ ಕಟ್ಟಡದ ಸೊಸೈಟಿಯ ನುಗ್ಗೆಮರ ಬೋಳಾಯಿತು. ವಾಶಿ ಮಾರ್ಕೆಟ್ಟಿನಲ್ಲಿ ಬಿಸಾಡಿದ ಮೂಲಂಗಿ ಸೊಪ್ಪೆಲ್ಲ ನಮ್ಮದಾಯಿತು. ವಿನೋದಾ ಕೊಚ್ಚಿದಳು, ನಾನು ಡ್ರಮ್ಮಿನೊಳಗೆ ಇಳಿದು ಸಮ್ರಾಟನ ಗತ್ತಿನಲ್ಲಿ ತುಳಿದೆ. ಮುಚ್ಚಳ ಹಾಕಿ ಹಗ್ಗ ಬಿಗಿದೆ.

ಕೆಲವು ದಿನಗಳಲ್ಲಿ ಡ್ರಮ್ಮು ಉಬ್ಬಿತು. ಹುಳಿವಾಸನೆಗೆ ಮೇಲಿನ ಮನೆಯ ಮುರಾರಿಯವರು ಕಿಟಕಿ ಮುಚ್ಚಿಕೊಂಡು, ನಮ್ಮಲ್ಲಿ ಕಳ್ಳಭಟ್ಟಿ ಇಳಿಸುತ್ತಿದ್ದಾರೆಂದು ಸೊಸೈಟಿಯ ಸೆಕ್ರೆಟರಿಗೆ ದೂರು ಕೊಟ್ಟರು.

"ಗ್ಯಾಸ್ ಹೋಗ್ಲಿಕ್ಕೆ ಒಂದು ದಾರಿ ಬೇಡ್ವಾ ಮಾರಾಯ್ರೆ?" ಎಂದಳು ವಿನೋದಾ.

ವಿಜ್ಞಾನದ ವಿಷಯದಲ್ಲಿ ಬಾಯಿ ಹಾಕಬಾರದೆಂದು ಅವಳಿಗೆ ತಿಳಿಹೇಳಿದೆ.

ಭಾನುವಾರ ಟೆಂಪೊದಲ್ಲಿ ಡ್ರಮ್ಮು ಏರಿಸಿಕೊಂಡು ಇಬ್ಬರೂ ಶಹಾಡಿಗೆ ಹೋದೆವು. ದಯಾನಂದ ಹಂದಿಗಳ ಮುಂದೆ ತೊಟ್ಟಿ ತೊಳೆದು ಕಾಯುತ್ತಿದ್ದ. ನಾನು ಉದ್ಘಾಟನೆಗೆ ಬಂದ ಮಂತ್ರಿಯಂತೆ ಮುಂದೆ ಬಂದು ಹಗ್ಗ ಕಡಿದೆ. ಮುಚ್ಚಳ ಆಕಾಶಕ್ಕೆ ಹಾರಿತು. ಡ್ರಮ್ಮಿನ ಅರ್ಧ ಮೇವು ತಲೆಯಿಂದ ಕಾಲಿನವರೆಗೆ ನನ್ನ ಮೇಲಿತ್ತು.

ಉಳಿದರ್ಧವನ್ನು ತೊಟ್ಟಿಗೆ ಸುರಿದೆವು. ಹಂದಿಗಳು ಮೂಸಿ ನೋಡಿ, ಹಿಂದೆ ಸರಿದು ಗೋಡೆಗೆ ಮುಖ ಮಾಡಿ ನಿಂತವು. ಹಂದಿಯೂ ಬೇಡವೆನ್ನುವಂಥ ವಸ್ತುವನ್ನು ನಾನು ಕಂಡುಹಿಡಿದಿದ್ದೆ.

ದಯಾನಂದ ಬೈಯಲಿಲ್ಲ. "ಇರ್ಲಿ ಭಾವ, ನೀವು ಇಷ್ಟು ಮಾಡಿದ್ರಲ್ಲ, ಅದೇ ದೊಡ್ಡದು" ಎಂದ. ಬೈದಿದ್ದರೇ ಚೆನ್ನಾಗಿತ್ತು. ಅವನ ಮುಖ ನೋಡಲಾರದೆ ನಾನು ತೊಟ್ಟಿಯ ಅಂಚಿನ ಮೇಲೆ ಕುಸಿದು ಕುಳಿತೆ.

ಆಗ ಗಬ್ಬದ ಹಂದಿ ಮೆಲ್ಲಗೆ ಬಂದು ನನ್ನ ಪ್ಯಾಂಟು ಮೂಸಿತು. ಒಮ್ಮೆ ನೆಕ್ಕಿತು. ಸ್ವಲ್ಪ ಯೋಚಿಸಿ ಇನ್ನೊಮ್ಮೆ ನೆಕ್ಕಿತು. ಅದನ್ನು ಕಂಡು ಉಳಿದವೂ ಬಂದವು. ಒಂದು ನನ್ನ ಮೊಣಕೈ ಹಿಡಿಯಿತು, ಇನ್ನೊಂದು ಬೆನ್ನು. ಓಡುವಂತೆಯೂ ಇಲ್ಲ. ದಯಾನಂದ "ಅಲುಗಬೇಡಿ ಭಾವ" ಎಂದು ಪಿಸುಗುಟ್ಟಿದ. ನನ್ನನ್ನು ಶುಚಿಗೊಳಿಸಿ, ಇನ್ನೇನೂ ಉಳಿಯದಾದಾಗ ಅವು ತೊಟ್ಟಿಗೆ ಮೂತಿ ಹಾಕಿದವು. ಆಮೇಲೆ ಕೇಳಿದ್ದು ಚಪ್ಪರಿಸುವ ಸದ್ದೊಂದೇ.

ದಯಾನಂದ ನಗುತ್ತಲೇ ಕಣ್ಣೊರೆಸಿಕೊಂಡ. ಇನ್ನು ಮಾರುವುದಿಲ್ಲ, ಡ್ರಮ್ಮು ಮಾತ್ರ ಇಲ್ಲೇ ಇಡೋಣ ಎಂದ.

ವಿನೋದಾ ನನ್ನ ಕಿವಿಯೊಳಗಿನ ಸಿಪ್ಪೆ ತೆಗೆಯುತ್ತಿದ್ದಳು. ನನಗೆ ಮತ್ತೆ ಗತ್ತು ಬಂತು. "ನನ್ನ ಮಹಿಮೆ ನೋಡಿದ್ಯಾ?" ಎಂದೆ.

"ನೋಡಿದೆ," ಎಂದಳು. "ಮದುವೆ ಆದ್ಮೇಲೆ ನನ್ನ ತವರಿನ ಕಡೆಯಲ್ಲಿ ನಿಮ್ಮನ್ನು ಇಷ್ಟು ಪ್ರೀತಿಯಿಂದ ಬರಮಾಡಿಕೊಂಡದ್ದು ಇವತ್ತೇ."