ಮನೆಮಗಳ ಅನುಭವ ಪತ್ರ

ನಮ್ಮ ಭಾಗ್ಯನಗರದಿಂದ ಪರದೇಶಕ್ಕೆ ಹೋಗುವುದು ಬಹಳ ಸುಲಭ, ನೀವು ಕೂದಲಾಗಿದ್ದರೆ. ಎಲ್ಲೆಲ್ಲಿಂದಲೋ ಮೂಟೆಯಲ್ಲಿ ಬಂದ ಕೂದಲಿನ ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟಿದರೆ ಸಾಕು, ಅದು ವಿಮಾನ ಹತ್ತುತ್ತದೆ. ಅದನ್ನು ಯಾರೂ ಅನುಭವ ಕೇಳುವುದಿಲ್ಲ. ನಾನು ಆ ಪುಣ್ಯ ಮಾಡಲಿಲ್ಲ, ನನ್ನ ಅಣ್ಣನಿಗೆ ತಂಗಿಯಾಗಿ ಹುಟ್ಟಿದೆ.

ಜರ್ಮನಿಯಲ್ಲಿ ಯಾರದೋ ಮನೆಯಲ್ಲಿದ್ದು, ಅವರ ಮಕ್ಕಳನ್ನು ನೋಡಿಕೊಂಡು, ಊಟ, ಕೋಣೆ, ಕೈಖರ್ಚು ಪಡೆದು ಅವರ ಭಾಷೆ ಕಲಿಯುವ ಒಂದು ವರ್ಷದ ಏರ್ಪಾಡಿಗೆ 'ಓ ಪೇರ್' ಎನ್ನುತ್ತಾರೆ. ಅದಕ್ಕೆ ವಯಸ್ಸಿನ ಮಿತಿಯಿದೆ, ನನಗೆ ಇದೇ ಕೊನೆಯ ವರ್ಷ. ಪಾಸ್‌ಪೋರ್ಟ್ ಬಂತು. ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸಾದೆ. ಪೊಲೀಸರು ಮನೆಗೆ ಬಂದು ನಾನು ಕಳ್ಳಿಯಲ್ಲವೆಂದು ಬರೆದುಕೊಂಡು ಹೋದರು. ಉಳಿದದ್ದು ಮಕ್ಕಳನ್ನು ನೋಡಿಕೊಂಡ ಅನುಭವ ಪತ್ರ ಒಂದೇ. ನನಗೆ ನಗು ಬಂತು. ಅಣ್ಣ, ವೈನಿ ಇಬ್ಬರೂ ಬೆಳಗಾದರೆ ಕೂದಲಿನ ವರ್ಕ್‌ಶಾಪಿಗೆ ಹೋಗುತ್ತಾರೆ. ಅವರ ಇಬ್ಬರು ಮಕ್ಕಳು ಹುಟ್ಟಿದಾಗಿನಿಂದ ಬೆಳೆದದ್ದು ನನ್ನ ಸೊಂಟದ ಮೇಲೆ. ಆದರೆ ನಮ್ಮ ಅರ್ಜಿ ಕಳಿಸುವ ಏಜೆನ್ಸಿಯ ಹುಡುಗಿ ಫೋನಿನಲ್ಲಿ, "ಸಂಬಂಧಿಕರ ಮಕ್ಕಳು ಲೆಕ್ಕಕ್ಕೆ ಬರಲ್ಲ ಮೇಡಂ" ಎಂದಳು.

"ಹಂಗಂದ್ರ ಇಷ್ಟು ವರ್ಷ ನಾ ಏನ್ ಮಾಡೀನ್ರಿ?"

"ಅದು ಮನೆ ಕೆಲಸ ಮೇಡಂ."

ವೈನಿ ದಿನಾ ಹೇಳುವುದೂ ಇದನ್ನೇ. "ಮನಿ ಮಗಳು ಅಂದಮ್ಯಾಲ ಅಷ್ಟ್ ಮಾಡಾಕ ಬೇಕಲ್ಲ." ಆವತ್ತು ಆ ಮಾತಿಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಸಣ್ಣವನು ಬಾಗಿಲು ಬಡಿಯುತ್ತಿದ್ದ, ಅವನಿಗೆ ಚಡ್ಡಿ ಬಿಚ್ಚಬೇಕಾಗಿತ್ತು.

ಪಕ್ಕದ ಮನೆಯ ಶಮೀಮ ನನ್ನ ಜೊತೆಗೇ ಅರ್ಜಿ ಹಾಕಿದವಳು. ಅವಳ ಸೊಂಟದ ಮೇಲೂ ಅಣ್ಣನ ಮಗಳೇ, ಅವಳಿಗೂ ಅದೇ ಉತ್ತರ. ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಗೋಡೆಯಿದೆ. ಅದರ ಮೇಲೆ ಗದ್ದ ಊರಿಕೊಂಡು ಅವಳೇ ಉಪಾಯ ಹೇಳಿದಳು: "ನಿಮ್ಮ ಹುಡುಗ್ರು ನನಗೇನ್ ಸಂಬಂಧಿಕರಲ್ಲ. ನಮ್ಮ ಹುಡುಗಿ ನಿನಗ ಸಂಬಂಧಿಕಳಲ್ಲ. ಅದ್ಲಿ ಬದ್ಲಿ ಮಾಡೂಣು." ಮರುದಿನದಿಂದ ನಾನು ಗೋಡೆಯ ಆಚೆ ಹೋದೆ, ಅವಳು ಈಚೆ ಬಂದಳು.

ಕೆಲಸ ಅದೇ. ಬದಲಾದದ್ದು ನಾವು ಪರರಾದದ್ದು ಮಾತ್ರ. ಶಮೀಮಳ ಭಾಬಿ ನನ್ನನ್ನು ಫ್ಯಾನಿನ ಕೆಳಗೆ ಕೂಡಿಸಿ, ಬಿಸಿ ಚಹಾದ ಜೊತೆ ತಟ್ಟೆಯಲ್ಲಿ ಖಾರಿ ಬಿಸ್ಕತ್ತು ಇಟ್ಟು, "ತಗೋ ಬೇ, ನಾಚ್ಕೋಬ್ಯಾಡ" ಎಂದರು. ಈಚೆ ನಮ್ಮ ವೈನಿ, ನನಗೆ ಎಂದೂ 'ಕುಂದ್ರು' ಎನ್ನದವರು, "ಕುಂದ್ರವಾ ಶಮೀಮ, ದಣದಿ. ಹುಡುಗ್ರು ಭಾಳ ಕಾಡತಾವು" ಎನ್ನುತ್ತಿದ್ದರು. ಕಾಡುತ್ತವೆ ಎಂದು ವೈನಿಗೆ ಗೊತ್ತಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅಣ್ಣನಂತೂ ಅವಳಿಗೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಶಮೀಮ ಗೋಡೆಯ ಮೇಲೆ ನನಗೆ ಎರಡು ಮಿರ್ಚಿ ದಾಟಿಸಿ, ನನ್ನ ಕೈಯ ಖಾರಿ ನೋಡಿ ಮುಖ ಸಣ್ಣದು ಮಾಡಿದಳು. "ನಮ್ಮ ಭಾಬಿ ನನಗ ಒಂದಿನಾನೂ ಖಾರಿ ಕೊಟ್ಟಿಲ್ಲ ನೋಡು." ಎರಡನ್ನೂ ಹಂಚಿಕೊಂಡು ತಿಂದೆವು.

ಮೂರು ತಿಂಗಳಾದ ಮೇಲೆ ಪತ್ರ ಬರೆಯುವ ದಿನ ಬಂತು. ಶಮೀಮಳಿಗೆ ಬರೆದುಕೊಡಬೇಕಾದವನು ಅಣ್ಣ. ನನ್ನ ಇಂಗ್ಲಿಷ್ ಚೆನ್ನಾಗಿದೆಯೆಂದು ನನ್ನನ್ನೇ ಕೂಡಿಸಿಕೊಂಡು ಹೇಳತೊಡಗಿದ. "ಬರಿ. ಹುಡುಗ್ರಿಗೆ ಛಲೋ ಉಣಸತಾಳ. ಅಭ್ಯಾಸ ಮಾಡಸತಾಳ. ಸಣ್ಣಾವಗ ಜ್ವರ ಬಂದಾಗ ರಾತ್ರಿ ಎಲ್ಲಾ ಹಣೀಗೆ ತಣ್ಣೀರ ಪಟ್ಟಿ ಹಾಕ್ಕೋತ ಕುಂತಿದ್ಲು."

"ಅದು ನಾನು ಅಣ್ಣ."

ಅಣ್ಣ ನನ್ನ ಕಡೆ ತಿರುಗಿದ. "ಹೌದಲ್ಲ? ಇರ್ಲಿ ಬರಿ. ಪಾಪ, ಪರರ ಹುಡುಗಿ, ಉದ್ಧಾರ ಆಗ್ಲಿ."

ಬರೆದೆ. ನನ್ನ ಜ್ವರದ ರಾತ್ರಿ ಶಮೀಮಳ ಪತ್ರಕ್ಕೆ ಹೋಯಿತು. ಭಾಬಿ ಕೊಟ್ಟ ಪತ್ರದಲ್ಲಿ, ಮಗುವಿಗೆ ನಡೆಯಲು ಕಲಿಸಿದವಳು ನಾನೇ ಎಂದಿತ್ತು, ಕಲಿಸಿದವಳು ಶಮೀಮ. ನಮ್ಮ ಮನೆಯವರು ನಮ್ಮ ದುಡಿತವನ್ನು ಚೆನ್ನಾಗಿಯೇ ನೋಡಿದ್ದರು, ಅದನ್ನು ಹೇಳಲು ಅವರಿಗೆ ಎದುರಿಗೆ ಒಬ್ಬ ಪರಕೀಯಳು ಬೇಕಾಗಿತ್ತು. ಆ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಪತ್ರಗಳು ಪಾಸಾದವು. ಮೊನ್ನೆ ಜರ್ಮನಿಯ ಒಂದು ಕುಟುಂಬ ನನ್ನನ್ನು ಒಪ್ಪಿಕೊಂಡು ಮೇಲ್ ಕಳಿಸಿತು. ಗೋಡೆಯ ಹತ್ತಿರ ನಿಂತು ಶಮೀಮಳಿಗೆ ಓದಿ ಹೇಳಿದೆ. ಮಕ್ಕಳ ತಾಯಿ ಬಹಳ ಪ್ರೀತಿಯಿಂದ ಬರೆದಿದ್ದಳು: 'ನಿನ್ನನ್ನು ನಾವು ಕೆಲಸದವಳಂತೆ ನೋಡುವುದಿಲ್ಲ. ನೀನು ನಮ್ಮ ಮನೆಯ ಮಗಳಂತೆಯೇ ಇರುತ್ತೀ.'

ಆ ಸಾಲನ್ನು ಇನ್ನೊಮ್ಮೆ ಓದಿದೆ. ಶಮೀಮ ನಿಟ್ಟುಸಿರು ಬಿಟ್ಟಳು. "ಹೋತು ಬಿಡು. ಅಲ್ಲೂ ಖಾರಿ ಇಲ್ಲ."

'ದಯವಿಟ್ಟು ನನ್ನನ್ನು ಪರರ ಮಗಳಂತೆ ನೋಡಿಕೊಳ್ಳಿ' ಎಂದು ಉತ್ತರ ಬರೆಯಲು ಕುಳಿತೆ. ಆ ಮನೆಯವರಿಗೆ ಜರ್ಮನ್‌ನಲ್ಲೇ ಬರೆಯಬೇಕೆಂದು ಏಜೆನ್ಸಿಯ ಹುಡುಗಿ ಹೇಳಿದ್ದಳು. ನನ್ನ ಮೊದಲ ಪರೀಕ್ಷೆಯ ಜರ್ಮನ್‌ಗೆ ಅಷ್ಟು ದೊಡ್ಡ ಮಾತು ಬರಲಿಲ್ಲ. 'ಬಹಳ ಸಂತೋಷ, ಧನ್ಯವಾದ' ಎಂದಷ್ಟೇ ಕಳಿಸಿದೆ. ಅಷ್ಟರಲ್ಲಿ ಒಳಗೆ ಅಣ್ಣನ ಸಣ್ಣ ಮಗ ಅಳತೊಡಗಿದ. ಯಾರೂ ನನ್ನನ್ನು ಕರೆದಿರಲಿಲ್ಲ. ನಾನಾಗಿಯೇ ಎದ್ದು ಹೋಗಿ ಅವನ ಮೂಗು ಒರೆಸಿದೆ.