ಅಧ್ಯಕ್ಷರ ಕುರ್ಚಿ, ಅಧ್ಯಕ್ಷರ ಕುರು

ಕೋಡಿಹಳ್ಳಿ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ನಾನೇ ಅಧ್ಯಕ್ಷ. ಅಂತಿಂಥ ಅಧ್ಯಕ್ಷನಲ್ಲ, ಸ್ವಾಮಿ! ನೀರು ಬೆರೆಸಿದ ಹಾಲನ್ನು ಕ್ಯಾನಿನ ಸದ್ದಿನಲ್ಲೇ ಹಿಡಿದುಬಿಡುತ್ತೇನೆ. ಈ ಸಲ ತಾಲ್ಲೂಕಿಗೇ ಒಳ್ಳೆಯ ಡೈರಿ ಅಂತ ನಮಗೆ ಬಹುಮಾನ! ಕನಕಪುರದ ವೇದಿಕೆಯ ಮೇಲೆ ನನಗೊಂದು ಕುರ್ಚಿ! ಹುಟ್ಟಿದ ಮೇಲೆ ಮೊದಲ ಸಲ ವೇದಿಕೆ ಹತ್ತಿ ಕೂರುತ್ತೇನೆ, ಕಾಲ ಮೇಲೆ ಕಾಲು ಹಾಕಿಯೇ ಕೂರುತ್ತೇನೆ ಎಂದು ಊರಿಗೆಲ್ಲ ಸಾರಿದೆ.

ಅದೇ ವಾರ, ಕೂರುವ ಜಾಗದಲ್ಲೇ ಒಂದು ಕುರು ಎದ್ದಿತು!

ಡಾಕ್ಟರು ಆಂಟಿಬಯಾಟಿಕ್ ಬರೆದರು. "ನೀರಲ್ಲಿ ನುಂಗಿ. ಈ ಮಾತ್ರೆ ಹಾಲಿನ ಜೊತೆ ತಗೊಂಡ್ರೆ ಮೈಗೆ ಹತ್ತಲ್ಲ. ಹಾಲು ಬೇಕಾದ್ರೆ ಕೆಲವು ಗಂಟೆ ಬಿಟ್ಟು ಕುಡೀರಿ," ಎಂದರು.

ಹಾಲು ಬೇಡ ಅಂತ ಡೈರಿ ಅಧ್ಯಕ್ಷನಿಗೇ ಹೇಳುವುದೇ! ನಮ್ಮ ಕೊಟ್ಟಿಗೆಯ ಹಾಲಿನ ಮರ್ಯಾದೆಯ ಪ್ರಶ್ನೆ! ಮನೆಗೆ ಬಂದವನೇ ಮಾತ್ರೆ ಬಾಯಿಗೆ ಹಾಕಿ ಒಂದು ಚೊಂಬು ಹಾಲು ಇಳಿಸಿದೆ. ದಿನಾ ಅದೇ ಪೂಜೆ.

"ರೀ, ಡಾಕ್ಟ್ರು ಬ್ಯಾಡ ಅಂದವ್ರೆ ಕಣ್ರೀ," ಎಂದಳು ಹೆಂಡತಿ ಕಾವೇರಮ್ಮ.

"ಆಲಿನ ವಿಸ್ಯದಾಗೆ ನಂಗೇ ಪಾಠ ಏಳ್ತೀಯಾ? ಸುಮ್ಕಿರು!"

ಅಂದು ಡೈರಿಯಲ್ಲಿ ನೆರೆಮನೆಯ ಕೆಂಚಮ್ಮ ಕ್ಯಾನು ಹಿಡಿದು ನಿಂತಿದ್ದಳು. ಅವಳ ಹಸುವಿಗೆ ಕೆಚ್ಚಲು ಬಾವು, ಇಂಜೆಕ್ಷನ್ ನಡೆದಿತ್ತು.

"ಒಸಿ ಆಕಿಸ್ಕಳಿ ಅಧ್ಯಕ್ಷರೇ, ಆಲು ಚೆನ್ನಾಗೈತೆ."

"ಔಸ್ದಿ ನಡೀತಿರೋವಾಗ ಆಲು ಸೇರಂಗಿಲ್ಲ ಕಣವ್ವ. ರೂಲ್ಸ್ ಅಂದ್ರೆ ರೂಲ್ಸು!" ಎಂದು ನಿಂತೇ ಗುಡುಗಿದೆ. ಕೂರಲು ಆಗುತ್ತಿರಲಿಲ್ಲ, ನೋಡಿ.

ಮಾತ್ರೆ ಮುಗಿಯುತ್ತ ಬಂತು, ಕುರು ಮಾತ್ರ ನಿಂಬೆಹಣ್ಣಿನಿಂದ ಮೂಸಂಬಿಗೆ ಬಡ್ತಿ ಪಡೆಯಿತು!

ಸಮಾರಂಭದ ದಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಕನಕಪುರ ಸೇರಿದೆ. ವೇದಿಕೆಯ ಮೇಲೆ ಕೆಂಪು ಬಟ್ಟೆ ಹೊದಿಸಿದ ಕುರ್ಚಿ, ಅದರ ಬೆನ್ನಿಗೆ ನನ್ನ ಹೆಸರು! ನೋಡಿ ಕಣ್ಣು ತುಂಬಿ ಬಂತು. "ಕೂತ್ಕಳಿ, ಕೂತ್ಕಳಿ" ಎಂದು ಎಲ್ಲರೂ ಕೈ ಹಿಡಿದೆಳೆದರು. ನಾನು ಕೈ ಮುಗಿದು ಕಂಬದಂತೆ ನಿಂತೆ.

"ನೋಡ್ರಪ್ಪಾ, ಹಿರಿಯರ ಮುಂದೆ ಕೂರಲ್ಲ ಅಂತವ್ರೆ. ಎಂಥ ವಿನಯ!" ಎಂದಿತು ಮೈಕು. ಚಪ್ಪಾಳೆಯೋ ಚಪ್ಪಾಳೆ! ನನ್ನ ಎದೆಯೂ ಉಬ್ಬಿತು.

ಮರುದಿನ ಡಾಕ್ಟರು ಬೈದು, ಕುರು ಕುಯ್ದು, ಮಾತ್ರೆ ಮತ್ತೆ ಶುರುಮಾಡಿದರು. ಮನೆಯಲ್ಲಿ ಬೋರಲು ಮಲಗಿ, "ಕಾವೇರಿ, ಮಾತ್ರೆಗೆ ಒಂದ್ ಚೊಂಬು..." ಎಂದೆ. ಅವಳು ತಂದಿಟ್ಟಳು. ನೀರು!

"ಔಸ್ದಿ ನಡೀತಿರೋವಾಗ ಆಲು ಸೇರಂಗಿಲ್ಲ. ನಿಮ್ದೇ ರೂಲ್ಸಂತೆ, ಕೆಂಚಮ್ಮ ಏಳುದ್ಲು."

ನನ್ನನ್ನು ನೋಡಲೆಂದು ಬಂದು ಬಾಗಿಲಲ್ಲಿ ನಿಂತಿದ್ದ ಕೆಂಚಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡಳು.

"ನಮ್ಮ ಅಸ ಆಗ್ಲೇ ವಾಸಿಯಾಗಿ, ಕೂತ್ಕಂಡು ಮೆಲುಕಾಕ್ತೈತೆ ಅಧ್ಯಕ್ಷರೇ. ನೀವ್ಯಾವಾಗ ಕೂತ್ಕಳಾದು?"