ಚಂದ್ರ ಕಂಡವನಿಗೆ ತಿಂಡಿ

ನನ್ನ ಹೆಂಡತಿ ಬೀಫಾತಿಮ್ಮನ ಮೇಲೆ ನನಗಿರುವ ದೂರು ಒಂದೇ. ಅವಳು ವಾದ ಮಾಡುವುದಿಲ್ಲ, ಬಡಿಸುತ್ತಾಳೆ.

ಬೋಳಾರದ ನಮ್ಮ ಮಸೀದಿಯ ಮಟ್ಟಿಗೆ ರಮಳಾನಿನ ಇಪ್ಪತ್ತೊಂಬತ್ತನೆಯ ಸಂಜೆ ನಾನು ಚಕ್ರವರ್ತಿ. (ಉಳಿದ ದಿನಗಳಲ್ಲಿ ಬಂದರಿನ ಒಣಮೀನು ವ್ಯಾಪಾರಿ.) ಹದಿನೆಂಟು ವರ್ಷ ಹೊಳೆಬದಿಯಲ್ಲಿ ನಿಂತು, ಹೆಂಚಿನ ಕಾರ್ಖಾನೆಯ ಚಿಮಣಿಯ ಪಕ್ಕದಲ್ಲಿ ಉಗುರಿನ ತುಂಡಿನಷ್ಟು ಚಂದ್ರನನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು. ನಾನು ಕಂಡೆನೆಂದರೆ ಉಪವಾಸ ಮುಗಿಯಿತು, ಮರುದಿನ ಪೆರ್ನಾಲ್ ಹಬ್ಬ.

ಆ ೧೯೬೨ರ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಒಟ್ಟು ಸೇರಿ ಲೋಕ ಮುಳುಗುತ್ತದೆಂದು ಊರೆಲ್ಲ ಗಾಬರಿಯಾಗಿತ್ತು. ಲೋಕ ಮುಳುಗಲಿಲ್ಲ. ನನ್ನ ಕಣ್ಣು ಮಾತ್ರ ಎರಡು ವರ್ಷದಿಂದ ಮುಳುಗುತ್ತಾ ಇತ್ತು. ದೀಪಗಳಿಗೆಲ್ಲ ಹೊಗೆ, ಮುಖಗಳಿಗೆಲ್ಲ ಪರದೆ. ಯಾರಿಗೂ ಹೇಳಿರಲಿಲ್ಲ. ನನ್ನ ತಂದೆಗೂ ಹೀಗೆಯೇ ಶುರುವಾಗಿ, ಕೊನೆಯ ಒಂಬತ್ತು ವರ್ಷ ಅವರು ಗೋಡೆ ತಡವುತ್ತ ಬದುಕಿದರು. ಗೋಡೆಯ ಮೇಲೆ ಆ ಕೈ ಸರಿಯುವ ಸದ್ದು ನೆನಪಾದರೆ ನನಗೆ ಈಗಲೂ ಭಯ.

ಆ ವರ್ಷದ ಇಪ್ಪತ್ತೊಂಬತ್ತನೆಯ ಸಂಜೆ ಹೊಳೆಬದಿಯಲ್ಲಿ ಸೇರಿದವರೆಲ್ಲ ಆಕಾಶ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಾಂಭೀರ್ಯದಿಂದ ಪಶ್ಚಿಮಕ್ಕೆ ದೃಷ್ಟಿ ಬೀರಿದೆ. ಬೆಳ್ಳಗೆ ಏನೋ ಬಾಗಿದಂತೆ ಕಂಡಿತು. ಕೊಕ್ಕರೆಯೋ, ನನ್ನ ಆಸೆಯೋ, ಪಡೆದ ದೇವರೇ ಬಲ್ಲ.

"ಕಂಡೆ," ಎಂದೆ.

ಮಸೀದಿಯ ಹಿರಿಯ ಉಮರಬ್ಬ ಬಳಿಗೆ ಬಂದು ಮೆಲ್ಲಗೆ ಕೇಳಿದರು. "ಹಸೈನಾರೇ, ಬೇರೆ ಯಾರಿಗೂ ಕಾಣ್ಲಿಲ್ಲ. ಕೊಂಬು ಯಾವ ಕಡೆಗೆ ಉಂಟು?"

"ಕೆಳಗೆ."

ನಮ್ಮ ಕರಾವಳಿಯಲ್ಲಿ ಎಳೆಯ ಚಂದ್ರ ದೋಣಿಯ ಹಾಗೆ ಮಲಗಿ ಕೊಂಬು ಮೇಲೆತ್ತಿರುತ್ತಾನೆ. ತೊಟ್ಟಿಲ ಮಗುವಿಗೂ ಇದು ಗೊತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಉಪವಾಸದ ಬಳಲಿಕೆ ಮಾರಾಯ್ರೆ, ಮನೆಗೆ ಹೋಗಿ," ಎಂದರು ಉಮರಬ್ಬ. ನನ್ನ ಸಾಕ್ಷಿ ಬಿದ್ದುಹೋಯಿತು. ನಾಳೆಯೂ ಉಪವಾಸ ಎಂದು ಸಾರಿದರು.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು.

"ನೀವು ನಿಜವಾಗಿ ಕಂಡದ್ದಾ?" ಎಂದಳು ಬೀಫಾತಿಮ್ಮ.

"ಕಂಡೆ ಅಂದ್ರೆ ಕಂಡೆ. ಅವರಿಗೆ ಎಂತ ಗೊತ್ತು?"

"ಹಾಗಾದ್ರೆ ಸರಿ."

ಗೆದ್ದೆನೆಂದುಕೊಂಡು ಮಲಗಿದೆ. (ಆದರೂ ಹೊದಿಕೆಯೊಳಗೆ ನಾಳೆಯ ಉಪವಾಸದ ಸಂಕಲ್ಪವಾದ ನಿಯ್ಯತ್ತನ್ನು ಕಳ್ಳನ ಹಾಗೆ ಪಿಸುಗುಟ್ಟಿಕೊಂಡೆ.)

ಬೆಳಗಿನ ಜಾವದ ಊಟಕ್ಕೆ ಅವಳು ನನ್ನನ್ನು ಎಬ್ಬಿಸಲೇ ಇಲ್ಲ. ಎದ್ದಾಗ ಹೊತ್ತು ಮೂಡಿತ್ತು. ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ನನ್ನ ಮುಂದೆ ಬಿಳಿ ಪಿಂಗಾಣಿ ಬಟ್ಟಲು ಇಟ್ಟಳು.

"ತಿನ್ನಿ."

"ಎಂತ ಇದು? ಇವತ್ತು ಉಪವಾಸ ಅಲ್ವಾ?"

"ಊರಿಗೆ ಉಪವಾಸ. ಊರು ಒಪ್ಪದಿದ್ರೂ ಚಂದ್ರನನ್ನು ಕಣ್ಣಾರೆ ಕಂಡವನಿಗೆ ಇವತ್ತೇ ಪೆರ್ನಾಲ್. ಅವ ಗುಟ್ಟಾಗಿ ತಿನ್ಲೇಬೇಕು, ಉಪವಾಸ ಹಿಡಿದ್ರೆ ಹರಾಮು. ನೀವೇ ಹೇಳಿಕೊಟ್ಟದ್ದು."

ಹೌದು, ಮದುವೆಯಾದ ಹೊಸತರಲ್ಲಿ ನಾನೇ ಜಂಭದಿಂದ ಶಾಸ್ತ್ರದ ಈ ಮಸಲೆಯನ್ನು ಅವಳಿಗೆ ಪಾಠ ಮಾಡಿದ್ದೆ.

"ಹಸಿವಿಲ್ಲ."

"ಒಂದು ತುಂಡು ಸಾಕು."

"ನಾಳೆ ತಿನ್ತೇನೆ."

"ನಾಳೆ ಎಲ್ಲರೂ ತಿನ್ತಾರೆ."

ಬಟ್ಟಲಲ್ಲಿ ಪತ್ತಿರ್ ಎಂಬ ಅಕ್ಕಿರೊಟ್ಟಿ ಬೆಳ್ಳಗೆ, ದುಂಡಗೆ ಕಾಯುತ್ತಿತ್ತು. ಕೈ ಚಾಚಿದೆ, ಹಿಂದಕ್ಕೆ ಎಳೆದುಕೊಂಡೆ. ತಿಂದರೆ ಪಡೆದವನ ಮುಂದೆ ಸುಳ್ಳ, ತಿನ್ನದಿದ್ದರೆ ಹೆಂಡತಿಯ ಮುಂದೆ ಕುರುಡ. ಹದಿನೆಂಟು ವರ್ಷದ ಸಾಮ್ರಾಜ್ಯ ಆ ಅಡುಗೆಮನೆಯಲ್ಲಿ ಮುಗಿಯಿತು.

"ಚಂದ್ರ ಕಾಣ್ಲಿಲ್ಲ, ಬೀಫಾತಿಮ್ಮ. ಈಗ ನನಗೆ ಎಂತದೂ ಸರಿ ಕಾಣುವುದಿಲ್ಲ. ಈ ಪತ್ತಿರ್ ತೆಗಿ."

ಅವಳು ಅತ್ತಳೋ ಏನೋ, ಅದೂ ನನಗೆ ಕಾಣಲಿಲ್ಲ.

"ಅತ್ತಾವರಕ್ಕೆ ಹೋಗುವ, ಕಣ್ಣಿನ ಡಾಕ್ಟರ ಹತ್ತಿರ. ಇವತ್ತೇ," ಎಂದು ನನ್ನ ಕೈ ಹಿಡಿದು ಬಟ್ಟಲೊಳಗೆ ಇಟ್ಟಳು. "ಉಪವಾಸದ ದಿನ ಹಗಲಲ್ಲಿ ನಾನು ಒಲೆ ಹಚ್ತೇನಾ?"

ಅಂಚಿನಿಂದ ಅಂಚಿಗೆ ತಡವಿದೆ. ತಣ್ಣಗಿನ ಪಿಂಗಾಣಿ ಬಿಟ್ಟರೆ ಬಟ್ಟಲಲ್ಲಿ ಏನೂ ಇರಲಿಲ್ಲ.